ತಾಯಿ ತೊರೆದ ಇಲಿಮರಿ: ಹಾಲಿಗಿಂತ ಮೊದಲು ಬೇಕು ಬಿಸುಪು

ಬೆಂಗಳೂರು: ಎರಡು ಶೇಂಗಾ ಬೀಜಗಳಷ್ಟೇ ತೂಕ, ತುಪ್ಪಳವಿಲ್ಲದ ಗುಲಾಬಿ ಮೈ, ಮುಚ್ಚಿದ ಕಣ್ಣು, ಮುಚ್ಚಿದ ಕಿವಿ. ಹುಟ್ಟಿದ ದಿನ ಇಲಿಮರಿಯ ಸ್ಥಿತಿ ಇದು. ತೂಕ ಒಂದರಿಂದ ಒಂದೂವರೆ ಗ್ರಾಂ ಮಾತ್ರ. ಇಂಥ ಮರಿಯನ್ನು ತಾಯಿ ಗೂಡಿನಿಂದ ಹೊರಗೆ ಹಾಕಿದರೆ ಅದನ್ನು ಬದುಕಿಸಲು ಸಾಧ್ಯವೇ? ಸಾಧ್ಯ, ಆದರೆ ಸುಲಭವಲ್ಲ. ಕಣ್ಣು ತೆರೆಯದ ಮರಿಗಳನ್ನು ಕೈಯಿಂದ ಸಾಕಲು ಹೊರಟವರಲ್ಲಿ ಸೋತವರೇ ಹೆಚ್ಚು ಎಂಬುದನ್ನು ಆರಂಭದಲ್ಲೇ ಹೇಳಿಬಿಡುವುದು ಒಳಿತು.

ನಗರಗಳ ಸಾಕುಪ್ರಾಣಿ ಅಂಗಡಿಗಳಲ್ಲಿ ಬಿಳಿ ಇಲಿಗಳು ಜೋಡಿಯಾಗಿ ಮಾರಾಟವಾಗುತ್ತವೆ. ಇಲಿಯ ಗರ್ಭಾವಧಿ 19ರಿಂದ 21 ದಿನ. ಹೀಗಾಗಿ ಮಕ್ಕಳ ಹಟಕ್ಕೆ ಮಣಿದು ಜೋಡಿ ಕೊಂಡ ಮನೆಯಲ್ಲಿ ತಿಂಗಳು ತುಂಬುವ ಮೊದಲೇ ಆರೆಂಟು ಮರಿಗಳು ಕಾಣಿಸಿಕೊಂಡರೆ ಆಶ್ಚರ್ಯಪಡಬೇಕಿಲ್ಲ. ಗೊಂದಲ ಶುರುವಾಗುವುದು ಅವುಗಳಲ್ಲೊಂದು ಗೂಡಿನಾಚೆ ತಣ್ಣಗೆ ಬಿದ್ದಿರುವುದು ಕಂಡಾಗ.

ನಿಜಕ್ಕೂ ತೊರೆದಿದೆಯೇ?

ಗೂಡಿನ ಹೊರಗಿರುವ ಮರಿಗಳೆಲ್ಲ ತ್ಯಜಿಸಲ್ಪಟ್ಟವೇನಲ್ಲ. ಮೊಲೆಗೆ ಕಚ್ಚಿಕೊಂಡಿದ್ದ ಮರಿ ತಾಯಿ ದಿಢೀರನೆ ಎದ್ದಾಗ ಅದರೊಂದಿಗೆ ಹೊರಗೆ ಎಳೆದುಕೊಂಡು ಬರುವುದುಂಟು. ಚಳಿ ತಾಗಿದ ಮರಿ ಕೂಗುತ್ತದೆ. ಆದರೆ ಆ ಕೂಗು ಮನುಷ್ಯನ ಕಿವಿಗೆ ನಿಲುಕದ ಶ್ರವಣಾತೀತ ಧ್ವನಿ. ಇಲಿಮರಿಗಳ ಈ ಕೂಗನ್ನು ವಿಜ್ಞಾನಿಗಳು ದಾಖಲಿಸಿದ್ದು 1956ರಲ್ಲಿ. ಅದನ್ನು ಕೇಳಿಸಿಕೊಂಡ ತಾಯಿ ಮರಿಯನ್ನು ಬಾಯಲ್ಲಿ ಕಚ್ಚಿ ಗೂಡಿಗೆ ಒಯ್ಯುತ್ತದೆ. ಆದ್ದರಿಂದ ಮೊದಲು ಮರಿಯನ್ನು ಅಂಗೈಯಲ್ಲಿ ಬೆಚ್ಚಗಾಗಿಸಿ ಗೂಡಿಗೆ ಮರಳಿಸಿ, ದೂರ ಸರಿದು ನಿಲ್ಲಬೇಕು. ತಾಯಿ ಮತ್ತೆ ಮತ್ತೆ ಹೊರಗೆ ಹಾಕಿದರೆ ಮಾತ್ರ ಮುಂದಿನ ಯೋಚನೆ.

ಮರಿ ಹಾಲು ಕುಡಿದಿದೆಯೇ ಎಂದು ತಿಳಿಯಲು ಸರಳ ಉಪಾಯವಿದೆ. ಮೊದಲ ಕೆಲವು ದಿನ ಮರಿಯ ಚರ್ಮ ಎಷ್ಟು ತೆಳುವೆಂದರೆ ಹೊಟ್ಟೆಯ ಎಡಭಾಗದಲ್ಲಿ ಹಾಲು ಬಿಳಿ ಪಟ್ಟಿಯಂತೆ ಹೊರಗೇ ಕಾಣುತ್ತದೆ. ಪಟ್ಟಿ ಇದ್ದರೆ ತಾಯಿ ಹಾಲೂಡಿಸಿದೆ ಎಂದರ್ಥ. ಗಂಟೆಗಳು ಕಳೆದರೂ ಕಾಣದಿದ್ದರೆ ಅಪಾಯ.

ಮನುಷ್ಯರು ಮುಟ್ಟಿದರೆ ತಾಯಿ ಮರಿಯನ್ನು ಬಿಟ್ಟೇ ಬಿಡುತ್ತದೆ ಎಂಬ ನಂಬಿಕೆ ವ್ಯಾಪಕ. ಸಾಕಿದವರ ಕೈಗೆ ಒಗ್ಗಿದ ಇಲಿಗಳ ಮಟ್ಟಿಗೆ ಇದು ಅಷ್ಟು ನಿಜವಲ್ಲ. ಕೈಯನ್ನು ಗೂಡಿನ ಹುಲ್ಲಿನಲ್ಲೇ ಉಜ್ಜಿಕೊಂಡು ಮುಟ್ಟಿದರೆ ಸಾಕು. ತಾಯಿ ಮರಿಯನ್ನು ದೂರ ಮಾಡಲು, ಕೆಲವೊಮ್ಮೆ ತಿಂದೇಬಿಡಲು ಕಾರಣಗಳು ಬೇರೆ: ಚೊಚ್ಚಲ ಹೆರಿಗೆ, ಸದ್ದುಗದ್ದಲ, ಕಿಕ್ಕಿರಿದ ಪಂಜರ, ನೀರು ಆಹಾರದ ಕೊರತೆ, ಮೊಲೆ ಬಾವು, ಇಲ್ಲವೇ ಮರಿಯೇ ಹುಟ್ಟಾ ದುರ್ಬಲವಾಗಿರುವುದು. ಈ ಕೊನೆಯ ಕಾರಣವಿದ್ದರೆ ಮನುಷ್ಯ ಪ್ರಯತ್ನ ಫಲಿಸುವುದು ವಿರಳ.

ಸಾಕುತಾಯಿಯೇ ಮೇಲು

ಅತ್ಯುತ್ತಮ ಮಾರ್ಗ ಮತ್ತೊಂದು ಬಾಣಂತಿ ಇಲಿ. ಹೆಣ್ಣಿಲಿಗಳು ಒಂದೇ ಗೂಡಿನಲ್ಲಿ ಕೂಡಿ ಮರಿ ಸಾಕುವ ಸ್ವಭಾವದವು. ಪರರ ಮರಿಗಳನ್ನು ಸುಲಭವಾಗಿ ಒಪ್ಪಿಕೊಳ್ಳುತ್ತವೆ. ಪ್ರಯೋಗಾಲಯಗಳಲ್ಲಿ ಇದು ದಶಕಗಳಿಂದ ನಡೆದುಬಂದ ಪದ್ಧತಿ. ಸಾಕುತಾಯಿಯ ಮರಿಗಳೂ ಹೆಚ್ಚುಕಡಿಮೆ ಅದೇ ವಯಸ್ಸಿನವಾಗಿರಬೇಕು. ತಾಯಿಯನ್ನು ಕೆಲ ನಿಮಿಷ ಬೇರೆಡೆ ಇರಿಸಿ, ಅನಾಥ ಮರಿಯ ಮೈಗೆ ಹೊಸ ಗೂಡಿನ ಹುಲ್ಲನ್ನು ಮೃದುವಾಗಿ ಸವರಿ, ಇತರ ಮರಿಗಳ ನಡುವೆ ಸೇರಿಸಿದರೆ ಆಯಿತು. ಇಲಿ ಸಾಕುವ ಪರಿಚಿತರಿದ್ದರೆ ಹಾಲಿನಪುಡಿ ಹುಡುಕುವ ಮೊದಲು ಅವರನ್ನು ವಿಚಾರಿಸುವುದೇ ಜಾಣತನ.

ಅದು ಸಾಧ್ಯವಾಗದಿದ್ದಲ್ಲಿ ಕೈಯಾಸರೆ. ಇಲ್ಲಿ ಬಹುತೇಕರು ಎಡವುವುದು ಮೊದಲ ಹೆಜ್ಜೆಯಲ್ಲೇ: ತಣ್ಣಗಿರುವ ಮರಿಗೆ ಅವಸರದಲ್ಲಿ ಹಾಲು ಕುಡಿಸುವುದು. ಮೈ ತಣ್ಣಗಿದ್ದಾಗ ಹಾಲು ಜೀರ್ಣವಾಗದು. ತುಪ್ಪಳ ಬೆಳೆಯುವವರೆಗೆ ಮರಿ ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳಲಾರದು. ಗೂಡಿನಲ್ಲಿ 30ರಿಂದ 35 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸುಪು ಬೇಕು. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಇದು ತಾನಾಗಿ ಒದಗುವುದಿಲ್ಲ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪೆಟ್ಟಿಗೆಯ ಒಂದು ಬದಿಗಷ್ಟೇ ಇಟ್ಟು, ಇನ್ನೊಂದು ಬದಿಯನ್ನು ತಂಪಾಗಿ ಬಿಡಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸಮಸ್ಯೆ ತಿರುವುಮುರುವು. ಅಲ್ಲಿ ಅತಿ ಶಾಖವೇ ಮರಿಯ ಜೀವಕ್ಕೆ ಎರವಾದೀತು.

ಇನ್ನು ಹಾಲು. ಮನೆಯಲ್ಲಿರುವ ಹಸುವಿನ ಹಾಲು ಸರಿಹೊಂದದು. ಇಲಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಹಲವು ಪಟ್ಟು ಹೆಚ್ಚು, ಲ್ಯಾಕ್ಟೋಸ್ ಕಡಿಮೆ. ಹಸುವಿನ ಹಾಲು ಕುಡಿದ ಮರಿಗೆ ಭೇದಿಯಾಗುವ ಸಂಭವವಿದ್ದು, ಒಂದೂವರೆ ಗ್ರಾಂನ ದೇಹ ನೀರಿನಂಶ ಕಳೆದುಕೊಂಡು ಉಳಿಯುವುದು ಕಷ್ಟ. ಬೆಕ್ಕಿನಮರಿಗಳಿಗೆಂದೇ ತಯಾರಾಗುವ ಹಾಲಿನಪುಡಿ ಇದ್ದುದರಲ್ಲಿ ಉತ್ತಮ. ಅದನ್ನು ಉಗುರುಬೆಚ್ಚಗೆ ಮಾಡಿ, ಚಿತ್ರ ಬರೆಯುವ ಅತಿ ಸಣ್ಣ ಕುಂಚದ ತುದಿಯಲ್ಲಿ ಅದ್ದಿ ಬಾಯಿಗೆ ತಾಗಿಸಬೇಕು. ಮರಿ ತಾನಾಗಿ ಚೀಪುತ್ತದೆ. ಫಿಲ್ಲರ್‌ನಿಂದ ಒತ್ತಿ ಸುರಿದರೆ ಹಾಲು ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗುತ್ತದೆ. ಮಾನವ ಶಿಶುವಿನಂತೆ ಅಂಗಾತ ಮಲಗಿಸುವುದೂ ಸಲ್ಲ, ಹೊಟ್ಟೆ ಕೆಳಗಾಗಿಯೇ ಹಿಡಿಯಬೇಕು. ಮೂಗಿನಲ್ಲಿ ಗುಳ್ಳೆ ಕಂಡರೆ ತಕ್ಷಣ ನಿಲ್ಲಿಸಬೇಕು.

ಮೊದಲ ವಾರ ಎರಡು ಗಂಟೆಗೊಮ್ಮೆ ಹಾಲು, ರಾತ್ರಿಯೂ ವಿನಾಯಿತಿ ಇಲ್ಲ. ಎರಡನೇ ವಾರ ಅಂತರವನ್ನು ಮೂರು ನಾಲ್ಕು ಗಂಟೆಗೆ ಹೆಚ್ಚಿಸಬಹುದು. ಬೆಳಗ್ಗೆ ಕಚೇರಿಗೆ ಹೊರಡುವ ದಂಪತಿಯಿಂದ ಇದು ಸಾಧ್ಯವೇ ಎಂಬುದನ್ನು ಮನೆಯವರು ಮೊದಲೇ ಮಾತಾಡಿಕೊಳ್ಳಬೇಕಾಗುತ್ತದೆ. ಹಲವರು ಮರೆಯುವ ಇನ್ನೊಂದು ಸಂಗತಿಯಿದೆ. ಎಳೆಮರಿ ತಾನಾಗಿ ಮಲಮೂತ್ರ ವಿಸರ್ಜಿಸಲಾರದು. ತಾಯಿ ನೆಕ್ಕಿ ಪ್ರಚೋದಿಸುತ್ತದೆ. ಪ್ರತಿ ಬಾರಿ ಹಾಲೂಡಿಸಿದ ನಂತರ ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಹೊಟ್ಟೆಯ ಕೆಳಭಾಗವನ್ನು ಹಗುರವಾಗಿ ಸವರಿದರೆ ಆ ಕೆಲಸವಾಗುತ್ತದೆ. ಇದನ್ನು ಬಿಟ್ಟರೆ ಹಾಲು ಕುಡಿದ ಮರಿಯೂ ಸಾಯುತ್ತದೆ.

ಇಷ್ಟೆಲ್ಲ ದಾಟಿದ ಮರಿಗೆ ವಾರದ ಹೊತ್ತಿಗೆ ನವಿರು ತುಪ್ಪಳ ಮೂಡುತ್ತದೆ. 12ರಿಂದ 14ನೇ ದಿನಕ್ಕೆ ಕಣ್ಣು ತೆರೆಯುತ್ತದೆ. ಅಲ್ಲಿಂದ ಭರವಸೆ ಹೆಚ್ಚು. ಹಾಲಿನಲ್ಲಿ ನೆನೆಸಿದ ಓಟ್ಸ್ ಚೂರುಗಳನ್ನು ಇಟ್ಟರೆ ಮೆಲ್ಲಲು ತೊಡಗುತ್ತದೆ. ಮೂರರಿಂದ ನಾಲ್ಕು ವಾರದೊಳಗೆ ಹಾಲು ಬಿಡಿಸಬಹುದು.

ಇಲಿಯನ್ನು ಪರೀಕ್ಷಿಸಿ ಅಭ್ಯಾಸವಿರುವ ಪಶುವೈದ್ಯರು ಸಣ್ಣ ಊರುಗಳಲ್ಲಿ ಸಿಗುವುದು ಕಡಿಮೆ, ಆದರೂ ಉಸಿರಾಟದಲ್ಲಿ ಏರುಪೇರು ಕಂಡರೆ ಮನೆಮದ್ದಿಗೆ ಕೈಹಾಕದೆ ವೈದ್ಯರಲ್ಲಿಗೆ ಒಯ್ಯುವುದೇ ಸರಿ. ಆರೈಕೆ ಮಾಡಿದವರು ಪ್ರತಿ ಬಾರಿ ಸಾಬೂನಿನಿಂದ ಕೈ ತೊಳೆಯಬೇಕು. ಇಲಿಗಳಿಂದ ಸಾಲ್ಮೊನೆಲ್ಲಾ ಸೋಂಕು ತಗಲಬಹುದು. ಗರ್ಭಸ್ಥ ಶಿಶುವಿಗೆ ಹಾನಿಮಾಡುವ ವೈರಾಣುವೂ ಅವುಗಳಲ್ಲಿರಬಹುದಾದ್ದರಿಂದ ಗರ್ಭಿಣಿಯರು ಈ ಕೆಲಸದಿಂದ ದೂರವಿರಬೇಕು.

ಇತ್ತ ಪಂಜರದಲ್ಲಿ ಉಳಿದ ತಾಯಿಯ ಕಡೆಗೂ ಗಮನ ಅಗತ್ಯ. ಹೆರಿಗೆಯಾದ 24 ಗಂಟೆಗಳೊಳಗೇ ಅದು ಮತ್ತೆ ಗರ್ಭ ಧರಿಸಬಲ್ಲದು. ಗಂಡನ್ನು ಅಂದೇ ಬೇರ್ಪಡಿಸದಿದ್ದರೆ ಮೂರ್ನಾಲ್ಕು ವಾರದಲ್ಲಿ ಮತ್ತೊಂದು ಸೂಲು ಬಂದೀತು. ಬದುಕುಳಿದ ಮರಿಗಳಲ್ಲೂ ಗಂಡು ಹೆಣ್ಣುಗಳನ್ನು ನಾಲ್ಕನೇ ವಾರಕ್ಕೆ ಬೇರೆ ಬೇರೆ ಪಂಜರಗಳಿಗೆ ಸಾಗಿಸಬೇಕಾಗುತ್ತದೆ.