ದಾರಿಯಿಲ್ಲದ ಓಟ

ಓಟದ ಪಂದ್ಯವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಸುಣ್ಣದ ಗೆರೆಗಳನ್ನೆಳೆದ ಬಯಲು, ಸುತ್ತ ನೆರೆದ ಜನ, ಕೊನೆಯಲ್ಲಿ ಅಡ್ಡಲಾಗಿ ಹಿಡಿದ ದಾರ. ಓಡುವವನಿಗೆ ದಾರಿಯ ಚಿಂತೆಯಿಲ್ಲ. ಅದನ್ನು ಇತರರು ಮೊದಲೇ ಹಾಕಿಟ್ಟಿರುತ್ತಾರೆ. ಕಾಲಿನಲ್ಲಿ ಕಸುವು, ಎದೆಯಲ್ಲಿ ಉಸಿರು ಇದ್ದರೆ ಸಾಕು. ಇದಕ್ಕೆ ತೀರ ಭಿನ್ನವಾದ ಓಟವೊಂದು ಲೋಕದಲ್ಲುಂಟು. ಅಲ್ಲಿ ಗೆರೆಯಿಲ್ಲ, ಹಾಕಿಟ್ಟ ದಾರಿಯಿಲ್ಲ. ಓಟಗಾರನ ಒಂದು ಕೈಯಲ್ಲಿ ನಕ್ಷೆ, ಹೆಬ್ಬೆರಳಿಗೆ ಸಿಕ್ಕಿಸಿಕೊಂಡ ಸಣ್ಣದೊಂದು ದಿಕ್ಸೂಚಿ, ಎದುರಿಗೆ ಅಪರಿಚಿತವಾದ ಅರಣ್ಯ. ಅದರೊಳಗೆ ಅಲ್ಲಲ್ಲಿ ಗುರುತು ಮಾಡಿಟ್ಟ ಠಾವುಗಳನ್ನು ಗೊತ್ತುಪಡಿಸಿದ ಕ್ರಮದಲ್ಲಿ ಹುಡುಕಿ ಮುಟ್ಟಿ, ಎಲ್ಲರಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಸಿದವನೇ ವಿಜಯಿ. ಓರಿಯಂಟೀರಿಂಗ್ ಎಂಬುದು ಈ ಕ್ರೀಡೆಯ ಹೆಸರು. ದಿಕ್ಕನ್ನರಿತು ತನ್ನ ನೆಲೆಯನ್ನು ತಾನೇ ಗೊತ್ತುಮಾಡಿಕೊಳ್ಳುವುದೆಂದು ಅದರ ಭಾವ.

ಈ ಕ್ರೀಡೆಯ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳು ೧೯೬೬ರಿಂದ ನಡೆದುಬಂದಿವೆ. ಅದು ಹುಟ್ಟಿ ಬೆಳೆದದ್ದು ಉತ್ತರ ಯುರೋಪಿನ ಕಾಡುಗಳಲ್ಲಾದರೂ ಅದರ ಮರ್ಮವನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಘಟಪ್ರಭೆಯ ದಂಡೆಯೇ ಸಾಕು.

ಘಟಪ್ರಭೆಯ ದಂಡೆಯಲ್ಲೊಂದು ಪಾಠ

ಗೋಕಾಕದ ಜಲಪಾತವನ್ನು ಬಲ್ಲವರು ಅನೇಕರು. ಕುದುರೆಯ ಲಾಳದಂತೆ ಬಾಗಿದ ಬಂಡೆಯ ಅಂಚಿನಿಂದ ನದಿ ಸುಮಾರು ೧೭೦ ಅಡಿ, ಅಂದರೆ ೫೨ ಮೀಟರು, ಕೆಳಕ್ಕೆ ಧುಮುಕುತ್ತದೆ. ಇದನ್ನು ಕಾಗದದ ಮೇಲೆ ತೋರಿಸುವುದೆಂತು? ಒಂದೇ ಎತ್ತರದಲ್ಲಿರುವ ಸ್ಥಳಗಳನ್ನೆಲ್ಲ ಕೂಡಿಸಿ ಎಳೆದ ಗೆರೆಗೆ ಸಮೋನ್ನತಿ ರೇಖೆ ಎನ್ನುತ್ತಾರೆ. ಓರಿಯಂಟೀರಿಂಗ್ ನಕ್ಷೆಯಲ್ಲಿ ಸಾಮಾನ್ಯವಾಗಿ ಐದೈದು ಮೀಟರಿಗೊಂದು ಇಂಥ ಗೆರೆ, ಕಂದು ಬಣ್ಣದಲ್ಲಿ. ನೆಲ ಸಮತಟ್ಟಾದಷ್ಟೂ ಗೆರೆಗಳು ದೂರ ಸರಿಯುತ್ತವೆ. ಕಡಿದಾದಷ್ಟೂ ಒತ್ತಿ ಬರುತ್ತವೆ. ಜಲಪಾತದ ಅಂಚಿನಲ್ಲಿ ಹತ್ತು ಗೆರೆಗಳು ಒಂದರ ಮೇಲೊಂದು ಬಿದ್ದು, ಕಡೆಗೆ ಬಂಡೆಯ ಗೋಡೆಯನ್ನು ಸೂಚಿಸುವ ದಪ್ಪನೆಯ ಕಪ್ಪು ಗೆರೆಯಾಗಿ ನಿಲ್ಲುತ್ತವೆ. ಆ ಗೆರೆಯನ್ನು ಕಂಡ ಓಟಗಾರ ಒಡನೆಯೇ ಅರಿಯುತ್ತಾನೆ: ಇಲ್ಲಿ ಇಳಿಯಲಾಗದು.

ಈಗ ಒಂದು ಪಂದ್ಯವನ್ನು ಕಲ್ಪಿಸಿಕೊಳ್ಳೋಣ. ಓಟಗಾರ ಜಲಪಾತದ ಒಂದು ದಂಡೆಯಲ್ಲಿದ್ದಾನೆ. ಮುಂದಿನ ಠಾವು ಎದುರು ದಂಡೆಯ ಗುಡ್ಡದ ಮೇಲಿದೆ. ನೇರವಾಗಿ ಅಳೆದರೆ ಕೂಗಳತೆ. ಆದರೆ ನಡುವೆ ಕಂದರವಿದೆ. ಬಲಕ್ಕೆ ತಿರುಗಿ ಸೇತುವೆಯನ್ನು ಹಿಡಿದು ಸುತ್ತಿ ಬರಬೇಕೆ? ಸುತ್ತಿದ ಮೇಲೆ ಗುಡ್ಡವನ್ನು ನೆಟ್ಟಗೆ ಹತ್ತಬೇಕೆ, ಓರೆಯಾಗಿ ಬಳಸಬೇಕೆ? ಒಂದೊಂದು ಆಯ್ಕೆಗೂ ಒಂದೊಂದು ಬೆಲೆ. ಇಷ್ಟನ್ನೂ ಅವನು ನಿಂತು ಯೋಚಿಸುವಂತಿಲ್ಲ, ಓಡುತ್ತಲೇ ನಿರ್ಣಯಿಸಬೇಕು. ಈ ಕ್ರೀಡೆಯ ಜೀವಾಳವೇ ಈ ದಾರಿಯ ಆಯ್ಕೆ.

ಅಲ್ಲಿಂದ ಮೂಡಲಗಿಯ ಕಡೆಗೆ ಬಂದರೆ ಸಮಸ್ಯೆಯೇ ಬೇರೆ. ಅಲ್ಲಿ ಹೊಲಗಳ ಬಯಲು, ಕಾಲುವೆಗಳು, ಆಳೆತ್ತರದ ಕಬ್ಬು. ಸಮೋನ್ನತಿ ರೇಖೆಗಳು ವಿರಳವಾದ್ದರಿಂದ ಗುಡ್ಡವನ್ನು ನೋಡಿ ನೆಲೆ ತಿಳಿಯುವ ಹಾಗಿಲ್ಲ. ಆಗ ದಿಕ್ಸೂಚಿಯ ಮುಳ್ಳೇ ಗತಿ. ಇಲ್ಲವೆ ಕಾಲುವೆಯ ಏರಿಯನ್ನು, ಮೆಟ್ಟಿಲ ಪಕ್ಕದ ಕಟಕಟೆಯನ್ನು ಹಿಡಿದಂತೆ, ಆಧಾರವಾಗಿ ಹಿಡಿದು ಸಾಗಬೇಕು. ಕಬ್ಬಿನ ಗದ್ದೆಯ ನಡುವೆ ನುಗ್ಗುವಂತಿಲ್ಲ. ಬೆಳೆ ನಿಂತ ಹೊಲವನ್ನು ತುಳಿದವನನ್ನು ಪಂದ್ಯದಿಂದಲೇ ಹೊರಗಿಡುವುದು ಈ ಕ್ರೀಡೆಯ ಧರ್ಮ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ಬಳಿಯಾದರೆ ನೀರಿನ ಚಾಚುಗಳನ್ನು ಸುತ್ತುವ ಲೆಕ್ಕ. ಹುಕ್ಕೇರಿಯ ಹಳೆಯ ಪೇಟೆಯಲ್ಲಾದರೆ ಗುಮ್ಮಟಗಳನ್ನು ಗುರುತಾಗಿಟ್ಟುಕೊಂಡು ಓಣಿಯಿಂದ ಓಣಿಗೆ ಹೊರಳುವ ಲೆಕ್ಕ. ವಿಶ್ವ ಪಂದ್ಯಗಳಲ್ಲಿ ಕಾಡಿನ ಓಟ, ಪಟ್ಟಣದ ಓಟ ಎಂಬ ಎರಡು ಕವಲುಗಳು ಏಕೆ ಒಡೆದವೆಂಬುದು ಇಷ್ಟರಿಂದಲೇ ಅರಿವಾದೀತು.

ನಕ್ಷೆಯ ಅಳತೆಯೂ ಇದಕ್ಕೆ ತಕ್ಕಂತೆ ಬದಲಾಗುತ್ತದೆ. ಭಾರತ ಸರ್ವೇಕ್ಷಣ ಇಲಾಖೆಯ ೧:೫೦,೦೦೦ ಪ್ರಮಾಣದ ನಕ್ಷೆಯಲ್ಲಿ ಒಂದು ಕಿಲೋಮೀಟರು ಎರಡು ಸೆಂಟಿಮೀಟರಿನಲ್ಲಿ ಮುಗಿಯುತ್ತದೆ. ಕಾಡಿನ ದೀರ್ಘ ಓಟದ ನಕ್ಷೆ ೧:೧೫,೦೦೦. ಪಟ್ಟಣದ ಓಟದ್ದು ೧:೪,೦೦೦. ಈ ಕೊನೆಯದರಲ್ಲಿ ಒಂದು ಕಿಲೋಮೀಟರು ೨೫ ಸೆಂಟಿಮೀಟರು ಹರಡಿಕೊಂಡು, ಒಂದೊಂದು ಗೋಡೆ, ಒಂದೊಂದು ಮೆಟ್ಟಿಲಸಾಲು ಕಾಣಿಸುತ್ತದೆ. ಹೊರಡುವ ಸ್ಥಳಕ್ಕೆ ತ್ರಿಕೋನ, ಠಾವಿಗೆ ವೃತ್ತ, ಮುಕ್ತಾಯಕ್ಕೆ ಜೋಡಿ ವೃತ್ತ. ನೆಲದ ಮೇಲೆ ಪ್ರತಿಯೊಂದು ಠಾವಿನಲ್ಲಿಯೂ ಕಿತ್ತಳೆ ಮತ್ತು ಬಿಳುಪು ಬಣ್ಣದ ಬಾವುಟ. ಓಟಗಾರನು ಬಂದು ಹೋದುದಕ್ಕೆ ಸಾಕ್ಷಿಯಾಗಿ ಹಿಂದೆ ಚೀಟಿಯಲ್ಲಿ ತೂತು ಹಾಕುತ್ತಿದ್ದರು. ಈಗ ಬೆರಳಿಗೆ ಕಟ್ಟಿದ ವಿದ್ಯುನ್ಮಾನ ಸಾಧನವೇ ಆ ಗಳಿಗೆಯನ್ನು ಬರೆದುಕೊಳ್ಳುತ್ತದೆ.

ದಂಡಿನಿಂದ ಜನರ ಬಳಿಗೆ

ಓರಿಯಂಟೀರಿಂಗ್ ಎಂಬ ಮಾತು ಸ್ವೀಡನ್ನಿನ ಸೈನಿಕ ವಿದ್ಯಾಲಯದಲ್ಲಿ ೧೮೮೬ರಲ್ಲಿ ಬಳಕೆಗೆ ಬಂದಿತು. ಅಪರಿಚಿತ ನೆಲವನ್ನು ನಕ್ಷೆ, ದಿಕ್ಸೂಚಿಗಳ ಬಲದಿಂದ ದಾಟುವುದು ಸಿಪಾಯಿಯ ವಿದ್ಯೆಯಾಗಿತ್ತು. ಜನಸಾಮಾನ್ಯರಿಗೆ ತೆರೆದ ಮೊದಲ ಪಂದ್ಯ ನಡೆದದ್ದು ನಾರ್ವೆಯ ರಾಜಧಾನಿಯ ಬಳಿ, ೧೮೯೭ರ ಅಕ್ಟೋಬರ್ ೩೧ರಂದು. ೧೯.೫ ಕಿಲೋಮೀಟರಿನ ಆ ಓಟದಲ್ಲಿದ್ದ ಠಾವುಗಳು ಮೂರೇ ಮೂರು.

ಇದನ್ನು ತರುಣರ ಆಟವಾಗಿ ಮಾಡಿದ ಕೀರ್ತಿ ಸ್ವೀಡನ್ನಿನ ಮೇಜರ್ ಅರ್ನ್‌ಸ್ಟ್ ಕಿಲ್ಲಾಂಡರ್ ಅವರದು. ತರುಣರಲ್ಲಿ ಓಟದ ಆಸಕ್ತಿ ಕುಂದುತ್ತಿದ್ದುದನ್ನು ಕಂಡ ಅವರು, ಬಯಲಿನ ಸುತ್ತನ್ನು ಬಿಡಿಸಿ ಅವರನ್ನು ಕಾಡಿಗೆ ಕರೆದೊಯ್ದರು. ೧೯೧೯ರ ಮಾರ್ಚ್ ೨೫ರಂದು ಸ್ಟಾಕ್‌ಹೋಮಿನ ಬಳಿ ಅವರು ಏರ್ಪಡಿಸಿದ ಪಂದ್ಯಕ್ಕೆ ಇನ್ನೂರಕ್ಕೂ ಹೆಚ್ಚು ಜನ ಬಂದರು. ಅಲ್ಲಿಯ ಷೆಲ್‌ಸ್ಟ್ರಮ್ ಸೋದರರು ೧೯೩೦ರ ದಶಕದಲ್ಲಿ ಹೊರತಂದ, ಪಾರದರ್ಶಕ ತಳದ ದಿಕ್ಸೂಚಿ ಈ ಆಟಕ್ಕೆ ಮತ್ತಷ್ಟು ವೇಗವನ್ನು ತಂದಿತು. ೧೯೬೧ರ ಮೇ ೨೧ರಂದು ಕೋಪನ್‌ಹೇಗನ್ನಿನಲ್ಲಿ ಹತ್ತು ದೇಶಗಳು ಕೂಡಿ ಅಂತರರಾಷ್ಟ್ರೀಯ ಒಕ್ಕೂಟವನ್ನು ಸ್ಥಾಪಿಸಿದವು. ಮರುವರ್ಷ ನಾರ್ವೆಯಲ್ಲಿ ಯುರೋಪಿನ ಚಾಂಪಿಯನ್‌ಷಿಪ್ ನಡೆಯಿತು. ೧೯೬೬ರಲ್ಲಿ ಫಿನ್‌ಲೆಂಡಿನ ಫಿಸ್ಕಾರ್ಸ್ ಎಂಬಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್.

ಅಲ್ಲಿ ಗಂಡಸರಿಗೆ, ಹೆಂಗಸರಿಗೆ ಒಂದೊಂದು ವೈಯಕ್ತಿಕ ಓಟ, ಒಂದೊಂದು ರಿಲೇ ಓಟ. ನಾರ್ವೆಯ ಓಗೆ ಹಾಡ್ಲರ್, ಸ್ವೀಡನ್ನಿನ ಉಲ್ಲಾ ಲಿಂಡ್‌ಕ್ವಿಸ್ಟ್ ಮೊದಲ ವಿಜೇತರು. ಇಲ್ಲಿ ಒಂದು ಸಂಗತಿಯನ್ನು ಮನಗಾಣಬೇಕು. ಆ ದಶಕದ ಒಲಿಂಪಿಕ್ ಕೂಟಗಳಲ್ಲಿ ಹೆಂಗಸರಿಗಿದ್ದ ಅತಿ ದೀರ್ಘ ಓಟ ೮೦೦ ಮೀಟರು ಮಾತ್ರ. ಅದಕ್ಕಿಂತ ಹೆಚ್ಚಿನದನ್ನು ಅವರ ದೇಹ ತಾಳದೆಂದು ಪಂಡಿತರು ವಾದಿಸುತ್ತಿದ್ದ ಕಾಲದಲ್ಲಿ, ಈ ಹೆಣ್ಣುಮಕ್ಕಳು ಕಾಡುಬಂಡೆಗಳ ನಡುವೆ ಕಿಲೋಮೀಟರುಗಟ್ಟಲೆ ಒಂಟಿಯಾಗಿ ಓಡಿ ಬರುತ್ತಿದ್ದರು.

೧೯೭೨ರಲ್ಲಿ ಚೆಕೊಸ್ಲೊವಾಕಿಯದಲ್ಲಿ ನಡೆದ ಪಂದ್ಯದಲ್ಲಿ ಹಂಗೆರಿಯ ಶಾರೊಲ್ತಾ ಮೊನ್‌ಶ್ಪಾರ್ಟ್ ಗೆದ್ದು, ಉತ್ತರದ ದೇಶಗಳಿಗೆ ಸೇರದ ಮೊದಲ ಮಹಿಳಾ ಚಾಂಪಿಯನ್ ಎನಿಸಿದರು. ಆರು ವರ್ಷಗಳ ತರುವಾಯ, ಆಕೆಗೆ ಕೀರ್ತಿಯನ್ನಿತ್ತ ಕಾಡೇ ಆಪತ್ತನ್ನೂ ತಂದಿತು. ಉಣ್ಣೆಹುಳುವಿನ ಕಡಿತದಿಂದ ಮಿದುಳಿನ ಜ್ವರ ತಗುಲಿ ಕಾಲಿನ ಶಕ್ತಿ ಉಡುಗಿತು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯೂ ಉಣ್ಣೆಯಿಂದ ಹರಡುವಂಥದೇ. ಎರಡರ ರೋಗಾಣುಗಳು ಒಂದೇ ಬಳಗದವು. ಮೊನ್‌ಶ್ಪಾರ್ಟ್ ಮತ್ತೆ ಸ್ಪರ್ಧೆಗೆ ಇಳಿಯಲಾಗಲಿಲ್ಲ. ಆದರೆ ನಡೆಯಲು ಕಲಿತರು, ೨೦೨೧ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ದೇಶದ ಸಾಮಾನ್ಯ ಜನರನ್ನು ನಡಿಗೆಗೆ ಹಚ್ಚುವ ಕೆಲಸವನ್ನು ಬಿಡಲಿಲ್ಲ.

ಬೆಳೆದ ಕವಲುಗಳು

ಆರಂಭದಲ್ಲಿ ಹೆಚ್ಚಾಗಿ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಚಾಂಪಿಯನ್‌ಷಿಪ್ ೧೯೮೫ರಲ್ಲಿ ಮೊದಲ ಬಾರಿಗೆ ಯುರೋಪಿನಾಚೆ, ಆಸ್ಟ್ರೇಲಿಯದ ಬೆಂಡಿಗೊಗೆ ಹೋಯಿತು, ೨೦೦೩ರಿಂದ ವಾರ್ಷಿಕವಾಯಿತು, ೨೦೦೫ರಲ್ಲಿ ಜಪಾನಿನ ಐಚಿಯಲ್ಲಿ ಏಷ್ಯದ ನೆಲವನ್ನು ಮುಟ್ಟಿತು. ೨೦೦೩ರಲ್ಲಿ ತನ್ನ ದೇಶದಲ್ಲಿಯೇ ನಡೆದ ಪಂದ್ಯದಲ್ಲಿ, ಮತ್ತೆ ಐಚಿಯಲ್ಲಿ, ಸ್ವಿಟ್ಸರ್‌ಲೆಂಡಿನ ಸಿಮೋನ್ ನಿಗ್ಲಿ ಮಹಿಳೆಯರ ನಾಲ್ಕು ಚಿನ್ನದ ಪದಕಗಳನ್ನೂ ಗೆದ್ದಳು. ಆಕೆಯ ಒಟ್ಟು ಸಂಪಾದನೆ ೨೩ ಚಿನ್ನ.

ಓಟದ ಬಗೆಗಳೂ ಹೆಚ್ಚಿದವು. ದೀರ್ಘ ಓಟದಲ್ಲಿ ಗಂಡಸರಲ್ಲಿ ಗೆಲ್ಲುವವನಿಗೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ; ಇಲ್ಲಿ ತಾಳ್ಮೆ, ದಾರಿಯ ಆಯ್ಕೆಗಳೇ ಮುಖ್ಯ. ೧೯೯೧ರಲ್ಲಿ ಸೇರಿಸಿದ ಕಿರಿದಾದ ಓಟ ಮುಂದೆ ಮಧ್ಯಮ ಓಟವೆನಿಸಿತು. ಅದು ಅರ್ಧ ಗಂಟೆಯದು. ಒತ್ತೊತ್ತಾದ ಠಾವುಗಳಲ್ಲಿ ಕ್ಷಣ ಮೈಮರೆತರೂ ಸೋಲು. ೨೦೦೧ರಲ್ಲಿ ಬಂದ ಸ್ಪ್ರಿಂಟ್ ಕಾಲು ಗಂಟೆಯದು. ಪಟ್ಟಣಗಳು, ಉದ್ಯಾನಗಳು ಅದರ ಕಣ. ಈ ವೈಯಕ್ತಿಕ ಓಟಗಳಲ್ಲಿ ಒಬ್ಬೊಬ್ಬರನ್ನೇ ಕೆಲವು ನಿಮಿಷಗಳ ಅಂತರದಲ್ಲಿ ಬಿಡುತ್ತಾರೆ. ಮುಂದಿನವನ ಬೆನ್ನು ಹಿಡಿದು ಸಾಗಿದರೆ ಅದು ಆಟವಲ್ಲವಷ್ಟೆ. ರಿಲೇಯಲ್ಲಿ ಎಲ್ಲ ತಂಡಗಳೂ ಒಟ್ಟಿಗೆ ಹೊರಡುವುದರಿಂದ, ತಂಡತಂಡಕ್ಕೆ ಠಾವುಗಳ ಸರದಿಯನ್ನು ತುಸು ಬದಲಿಸಿರುತ್ತಾರೆ. ಮೂವರ ಓಟ ಮುಗಿಯುವ ಹೊತ್ತಿಗೆ ಎಲ್ಲರ ಲೆಕ್ಕವೂ ಸಮನಾಗುತ್ತದೆ.

೨೦೧೪ರಿಂದ ಇಬ್ಬರು ಹೆಂಗಸರು, ಇಬ್ಬರು ಗಂಡಸರ ಮಿಶ್ರ ಸ್ಪ್ರಿಂಟ್ ರಿಲೇ ಬಂದಿತು. ಮೊದಲ ಓಟವೂ ಕೊನೆಯ ಓಟವೂ ಹೆಂಗಸರದು. ೨೦೨೨ರಲ್ಲಿ ಡೆನ್ಮಾರ್ಕಿನಲ್ಲಿ, ಸುತ್ತುಸುತ್ತಿಗೂ ಕೆಲವರು ಉದುರಿಹೋಗುವ ನಾಕೌಟ್ ಸ್ಪ್ರಿಂಟ್ ಸೇರಿತು. ಕಾಡಿನ ಪಂದ್ಯಗಳು ಒಂದು ವರ್ಷ, ಪಟ್ಟಣದ ಪಂದ್ಯಗಳು ಮತ್ತೊಂದು ವರ್ಷ ಎಂಬ ಏರ್ಪಾಡು ೨೦೧೯ರಲ್ಲಿ ಆರಂಭವಾಯಿತು. ಅದರಂತೆ ೨೦೨೪ರಲ್ಲಿ ಎಡಿನ್‌ಬರೊದ ಬೀದಿಗಳು, ೨೦೨೫ರಲ್ಲಿ ಫಿನ್‌ಲೆಂಡಿನ ಕುಒಪಿಯೊದ ಕಾಡುಗಳು ಕಣವಾದವು. ಹಿಮಜಾರುಗೆಯ ಮೇಲಿನ ಓಟಕ್ಕೆ ೧೯೭೫ರಿಂದ, ಸೈಕಲ್ಲಿನದಕ್ಕೆ ೨೦೦೨ರಿಂದ ಬೇರೆಯೇ ವಿಶ್ವ ಪಂದ್ಯಗಳಿವೆ. ೨೦೦೪ರಲ್ಲಿ ಆರಂಭವಾದ ಇನ್ನೊಂದರಲ್ಲಿ ಓಟವೇ ಇಲ್ಲ. ಕಾಣುವ ಹಲವು ಬಾವುಟಗಳಲ್ಲಿ ನಕ್ಷೆಗೆ ಹೊಂದುವುದು ಯಾವುದೆಂದು ನಿರ್ಣಯಿಸುವುದಷ್ಟೇ ಅಲ್ಲಿ ಕೆಲಸ. ಗಾಲಿಕುರ್ಚಿಯಲ್ಲಿ ಕುಳಿತವರೂ ಇತರರೊಡನೆ ಸರಿಸಮನಾಗಿ ಸ್ಪರ್ಧಿಸುತ್ತಾರೆ.

ಯಾವ ಬಗೆಯಲ್ಲಾದರೂ ಒಂದು ಕಟ್ಟುಪಾಡು ಸಾಮಾನ್ಯ. ಪಂದ್ಯದ ನೆಲಕ್ಕೆ ಸ್ಪರ್ಧಿಗಳು ಮುಂಚಿತವಾಗಿ ಕಾಲಿಡುವಂತಿಲ್ಲ. ನಕ್ಷೆ ಕೈಗೆ ಬರುವುದು ಹೊರಡುವ ಗಳಿಗೆಯಲ್ಲಿ. ದೊಡ್ಡ ದೇಶದವನಿಗೂ ಸಣ್ಣ ದೇಶದವನಿಗೂ ಆ ಕಾಗದ ಒಂದೇ ಕಾಲಕ್ಕೆ ಹೊಸದು.

ಪದಕವನ್ನು ಬಿಟ್ಟು ನಿಂತವರು

ಕಾಡಿನಲ್ಲಿ ಒಂಟಿಯಾಗಿ ಓಡುವವನನ್ನು ನೋಡುವವರಿಲ್ಲ. ಅಲ್ಲಿ ಅವನು ಏನು ಮಾಡಿದನೆಂಬುದು ಬಹುಮಟ್ಟಿಗೆ ಅವನಿಗೇ ಗೊತ್ತು. ೨೦೦೯ರಲ್ಲಿ ಹಂಗೆರಿಯ ಮಿಶ್ಕೋಲ್ಟ್‌ಸಿನಲ್ಲಿ ನಡೆದ ಗಂಡಸರ ರಿಲೇ ಈ ಮಾತಿಗೆ ನಿದರ್ಶನ. ಕೊನೆಯ ಸುತ್ತು. ಮುಂಚೂಣಿಯಲ್ಲಿದ್ದ ಸ್ವೀಡನ್ನಿನ ಮಾರ್ಟಿನ್ ಯೋಹಾನ್ಸನ್ ಅವರ ತೊಡೆಗೆ ಮರದ ಕೊಂಬೆಯೊಂದು ಆಳವಾಗಿ ಚುಚ್ಚಿಕೊಂಡು ಅವರು ಕುಸಿದರು. ಪದಕಕ್ಕಾಗಿ ಹೋರಾಡುತ್ತಿದ್ದ ಫ್ರಾನ್ಸಿನ ತಿಯೆರಿ ಜಾರ್ಜಿಯೂ, ನಾರ್ವೆಯ ಆಂಡರ್ಸ್ ನೂರ್ಬರ್ಗ್, ಚೆಕ್ ದೇಶದ ಮಿಖಾಲ್ ಸ್ಮೋಲಾ ಮೂವರೂ ಓಟವನ್ನು ನಿಲ್ಲಿಸಿ ಗಾಯಾಳುವಿನ ಆರೈಕೆಗೆ ನಿಂತರು. ಚಿನ್ನ ಸ್ವಿಟ್ಸರ್‌ಲೆಂಡಿನ ಪಾಲಾಯಿತು. ಮೂವರಲ್ಲಿ ಒಬ್ಬೊಬ್ಬರಿಗೂ ಇದು ತಮ್ಮೊಬ್ಬರ ನಷ್ಟವಾಗಿರಲಿಲ್ಲ. ತಮಗಿಂತ ಮೊದಲು ಓಡಿ ದಣಿದಿದ್ದ ಇಬ್ಬಿಬ್ಬರು ಸಂಗಡಿಗರ ಶ್ರಮವೂ ಅದರಲ್ಲಿತ್ತು. ಯೋಹಾನ್ಸನ್ ಗುಣಹೊಂದಿದರು. ಎರಡು ವರ್ಷಗಳ ಅನಂತರ, ೨೦೧೧ರಲ್ಲಿ, ಫ್ರಾನ್ಸಿನಲ್ಲಿಯೇ ನಡೆದ ವಿಶ್ವ ಪಂದ್ಯದಲ್ಲಿ ಜಾರ್ಜಿಯೂ ಅವರ ತಂಡ ರಿಲೇ ಚಿನ್ನವನ್ನು ಗೆದ್ದಿತು.

ಸಮೋನ್ನತಿ ರೇಖೆಯನ್ನು ನಮ್ಮ ಮಕ್ಕಳೂ ಓದುತ್ತಾರೆ. ಆದರೆ ಪರೀಕ್ಷೆಯಲ್ಲಿ ಎಳೆದು ಅಂಕ ಪಡೆದ ಮೇಲೆ ಅದನ್ನು ಮರೆಯುತ್ತಾರೆ. ಆ ಗೆರೆ ಗುಡ್ಡದ್ದೆಂದು ಅವರಿಗೆ ಯಾರೂ ತೋರಿಸಿರುವುದಿಲ್ಲ. ಇದಕ್ಕೆ ಫಿನ್‌ಲೆಂಡಿನ ಕಾಡು ಬೇಕಾಗಿಲ್ಲ, ಬೆಲೆಬಾಳುವ ಸಲಕರಣೆಯೂ ಬೇಕಾಗಿಲ್ಲ. ಒಂದು ರವಿವಾರ ಬೆಳಿಗ್ಗೆ, ಊರ ಹೊರಗಿನ ದಿನ್ನೆಯ ನಕ್ಷೆಯನ್ನು ಮಕ್ಕಳಿಂದಲೇ ಬರೆಸಿ, ಬೇವಿನ ಮರಕ್ಕೊಂದು, ಹಾಳುಬಾವಿಯ ಕಟ್ಟೆಗೆ ದೂರದಿಂದಲೇ ಕಾಣುವಂತೆ ಒಂದು, ಗುಡಿಯ ಹಿಂಬದಿಗೊಂದು ಬಣ್ಣದ ಬಟ್ಟೆಯನ್ನು ಕಟ್ಟಿ, ಇಬ್ಬಿಬ್ಬರನ್ನು ಜೊತೆಮಾಡಿ ಹುಡುಕಲು ಬಿಡಿ. ಯಾವ ದಾರಿ ಹತ್ತಿರದ್ದೆಂದು ಅವರು ತಮ್ಮತಮ್ಮಲ್ಲೇ ವಾದಿಸತೊಡಗಿದ ಗಳಿಗೆಯಲ್ಲಿ ಆಟ ಆರಂಭವಾಯಿತೆಂದು ತಿಳಿಯಬಹುದು.