ದಂತ ಚಿಕಿತ್ಸಾಲಯಗಳಲ್ಲಿ ಸೂಜಿಗಾಯ: ತಯಾರಕರು ಹಾಗೂ ವರ್ತಕರು ಅರಿಯಬೇಕಾದ ಅಂಶಗಳು

ದಂತ ಚಿಕಿತ್ಸಾಲಯಗಳಿಗೆ ಸೂಜಿ, ಸಿರಿಂಜು, ಪ್ಲಾಸ್ಟಿಕ್ ಡಬ್ಬಿ ಮುಂತಾದವುಗಳನ್ನು ತಯಾರಿಸುವ, ಮಾರುವ ಹಾಗೂ ಅಲ್ಲಿನ ಯಂತ್ರಗಳನ್ನು ದುರಸ್ತಿ ಮಾಡುವ ಉದ್ದಿಮೆದಾರರು, ತಮ್ಮ ಸರಕು ಕೊನೆಗೆ ಯಾರ ಕೈ ಸೇರುತ್ತದೆ ಎಂಬುದನ್ನು ಅರಿತಿರುವುದು ಅವಶ್ಯಕ.

ಚಿಕಿತ್ಸಾಲಯದಲ್ಲಿ ಸೂಜಿ ಚುಚ್ಚುವ ಅನೇಕ ಅವಘಡಗಳು ಸಂಭವಿಸುವುದು ಚಿಕಿತ್ಸೆ ಮುಗಿದ ನಂತರ. ದಂತವೈದ್ಯರ ಲೋಹದ ಸಿರಿಂಜು ಮರುಬಳಕೆಯದಾಗಿದ್ದು, ಅದರ ಸೂಜಿಗೆ ಎರಡೂ ತುದಿ ಚೂಪಾಗಿರುತ್ತದೆ. ಒಬ್ಬರಿಗೇ ಹಲವು ಬಾರಿ ಅರಿವಳಿಕೆ ಕೊಡಬೇಕಾಗುವುದರಿಂದ ನಡುನಡುವೆ ಮುಚ್ಚಳ ಹಾಕಬೇಕು, ಕೊನೆಗೆ ಸೂಜಿಯನ್ನು ಬಿಚ್ಚಬೇಕು. ಆಗ ಕೈ ತಪ್ಪುತ್ತದೆ. ಕೊರೆಯುವ ಯಂತ್ರದಲ್ಲಿ ಉಳಿದ ಬರ್, ಸ್ಕೇಲರಿನ ತುದಿ, ತಂತಿಯ ಚೂರುಗಳು ಉಪಕರಣ ತೊಳೆಯುವ ಸಹಾಯಕಿಯ ಬೆರಳಿಗೆ ತಗಲುತ್ತವೆ.

ಸೋಂಕಿತ ರಕ್ತವಿದ್ದ ಸೂಜಿ ಚುಚ್ಚಿದಾಗ ಎಚ್.ಐ.ವಿ. ತಗಲುವ ಸಂಭವ ಸುಮಾರು ಶೇ. 0.3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್-ಬಿ ತಗಲುವ ಸಂಭವವಾದರೋ ಶೇ. 6ರಿಂದ 30. ಮೂರು ಬಾರಿ ನೀಡುವ ಲಸಿಕೆಯಿಂದ ಇದನ್ನು ತಡೆಯಬಹುದು. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರ ಪ್ರಕಾರ ಈ ಲಸಿಕೆಯನ್ನು ಸಿಬ್ಬಂದಿಗೆ ಹಾಕಿಸುವುದು ಚಿಕಿತ್ಸಾಲಯದ ಹೊಣೆ.

ಇದೇ ನಿಯಮಗಳಂತೆ ಸೂಜಿ, ಬ್ಲೇಡುಗಳನ್ನು ಹಾಕುವ ಡಬ್ಬಿಯು ಬಿಳಿಯ ಅರೆಪಾರದರ್ಶಕವಾಗಿರಬೇಕು. ಚುಚ್ಚಿದರೆ ತೂತಾಗಬಾರದು, ಸೋರಬಾರದು, ಮುಚ್ಚಿದ ಮೇಲೆ ತೆರೆಯಲು ಬರಬಾರದು. ತೆಳು ಪ್ಲಾಸ್ಟಿಕ್ಕಿನ ಅಗ್ಗದ ಡಬ್ಬಿಯನ್ನು ಸೂಜಿ ತೂರಿ ಬಂದರೆ ಅದು ಕಸ ಒಯ್ಯುವವನ ಕೈಗೆ ಚುಚ್ಚುತ್ತದೆ. ಆದ್ದರಿಂದ ತಯಾರಕರು ದಪ್ಪದಲ್ಲಿ ಉಳಿತಾಯ ಮಾಡಲಾಗದು. ಡಬ್ಬಿಯ ಮುಕ್ಕಾಲು ಮಟ್ಟಕ್ಕೆ ಗೆರೆ ಹಾಕಿ, ಅಲ್ಲಿಗೆ ತುಂಬಿದೊಡನೆ ಮುಚ್ಚುವಂತೆ ಸೂಚಿಸುವುದು ಒಳಿತು. ಸೂಜಿಯ ಮುಚ್ಚಳವನ್ನು ನೆಟ್ಟಗೆ ಹಿಡಿದಿಡುವ, ಭಾರವಾದ ಪುಟ್ಟ ಸ್ಟ್ಯಾಂಡ್ ಇದ್ದರೆ ಒಂದೇ ಕೈಯಿಂದ ಮುಚ್ಚಬಹುದು. ಇಂತಹ ಸರಳ ಸಾಧನವನ್ನು ಸಣ್ಣ ಘಟಕಗಳೂ ತಯಾರಿಸಬಹುದು.

ದುರಸ್ತಿ ಮಾಡುವವರು ಬರ್ ತೆಗೆದು, ಕ್ರಿಮಿಶುದ್ಧಗೊಳಿಸಿದ ಯಂತ್ರವನ್ನಷ್ಟೇ ಸ್ವೀಕರಿಸಬೇಕು. ತಮ್ಮ ಮೆಕ್ಯಾನಿಕ್‌ಗಳಿಗೂ ಲಸಿಕೆ ಹಾಕಿಸಬೇಕು.

ಗಾಯವಾದಲ್ಲಿ ಅದನ್ನು ಹಿಂಡದೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ವೈದ್ಯರನ್ನು ಕಾಣಬೇಕು. ಎಚ್.ಐ.ವಿ. ತಡೆಯುವ 28 ದಿನಗಳ ಔಷಧಿಯನ್ನು ಕೆಲವೇ ಗಂಟೆಗಳಲ್ಲಿ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭಿಸಬೇಕು. ಕೆಲಸ ಹೋದೀತೆಂಬ ಭಯದಿಂದ ನೌಕರರು ಗಾಯವನ್ನು ಮರೆಮಾಚದಂತೆ ಅಭಯ ನೀಡುವುದು ಮಾಲೀಕರ ಮೊದಲ ಕರ್ತವ್ಯವಾಗಿದೆ.