ಮಸುಕು ಚಿತ್ರಕ್ಕೆ ಸಾಣೆ

ಈಗಿನ ಕಾಲದಲ್ಲಿ ಛಾಯಾಚಿತ್ರಯಂತ್ರವಿಲ್ಲದ ಮನೆಯೇ ಅಪೂರ್ವ. ಜೇಬಿನ ಫೋನೇ ಆ ಕೆಲಸವನ್ನು ಮಾಡುತ್ತಿರುವುದು. ಆದರೆ ತೆಗೆದ ಚಿತ್ರವು ಕೊಂಚ ಮಸುಕಾಗಿ ಕಂಡರೆ ಏನು ಮಾಡತಕ್ಕದ್ದೆಂಬುದು ಅನೇಕ ಗೃಹಸ್ಥರಿಗೆ ತಿಳಿಯದು. ಪಾಠಶಾಲೆಯಿಂದ ನಿವೃತ್ತರಾದಮೇಲೆ ನಾವು ಈ ವಿದ್ಯೆಯನ್ನು ನಮ್ಮ ಮಗಳಿಂದ ಕಲಿತೆವು. ಕಲಿಯುವಾಗ ಒಂದು ತಪ್ಪನ್ನೂ ಮಾಡಿದೆವು. ಎರಡನ್ನೂ ವಾಚಕರ ಮುಂದಿಡುವೆವು.

ಚಿತ್ರವನ್ನು ಹರಿತಗೊಳಿಸುವುದೆಂದರೇನು? ಕಪ್ಪೂ ಬಿಳುಪೂ ಸಂಧಿಸುವ ಅಂಚಿನಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪಾಗಿಯೂ ಬಿಳುಪನ್ನು ಇನ್ನಷ್ಟು ಬಿಳುಪಾಗಿಯೂ ಮಾಡುವುದು, ಇಷ್ಟೇ. ಇದು ಗಣಕಯಂತ್ರದೊಡನೆ ಹುಟ್ಟಿದ ಉಪಾಯವಲ್ಲ. ಫಿಲ್ಮಿನ ಕಾಲದ ಕತ್ತಲೆಕೋಣೆಯಲ್ಲಿ ನೆಗೆಟಿವ್‌ನಿಂದ ಮಸುಕಾದ ಪಾಸಿಟಿವ್ ಪ್ರತಿಯೊಂದನ್ನು ಮಾಡಿ, ಎರಡನ್ನೂ ಜೋಡಿಸಿ ಮುದ್ರಿಸುತ್ತಿದ್ದರು. ಅದರಿಂದಲೇ ‘ಅನ್‌ಶಾರ್ಪ್ ಮಾಸ್ಕ್’, ಎಂದರೆ ಮಸುಕಾದ ಮುಸುಕು, ಎಂಬ ವಿಪರೀತ ನಾಮಧೇಯ. ಈಗ ಗಣಕವು ತಾನೇ ಒಂದು ಮಸುಕು ಪ್ರತಿಯನ್ನು ಮಾಡಿಕೊಂಡು, ಮೂಲಕ್ಕೂ ಅದಕ್ಕೂ ಇರುವ ಅಂತರವನ್ನು ಕಂಡುಹಿಡಿದು, ಆ ಅಂತರವನ್ನು ಮೂಲಕ್ಕೆ ಕೂಡಿಸುವುದು.

ಇದಕ್ಕೆ ‘ಗಿಂಪ್’ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುವುದು. ಮೊದಲು ಚಿತ್ರದ ನಕಲೊಂದನ್ನು ಮಾಡಿಕೊಳ್ಳಬೇಕು. ಮೂಲವನ್ನು ಎಂದಿಗೂ ಮುಟ್ಟಕೂಡದು. ಅನಂತರ ‘ಫಿಲ್ಟರ್ಸ್’ ಪಟ್ಟಿಯಲ್ಲಿ ‘ಎನ್‌ಹ್ಯಾನ್ಸ್’, ಅದರೊಳಗೆ ‘ಶಾರ್ಪನ್’ ಎಂಬುದನ್ನು ಒತ್ತಿದರೆ ಮೂರು ಅಳತೆಗಳು ಕಾಣುವುವು.

ಮೊದಲನೆಯದು ‘ರೇಡಿಯಸ್’, ಅಂಚಿನ ಎಷ್ಟು ಅಗಲಕ್ಕೆ ಸಾಣೆ ಹಿಡಿಯಬೇಕೆಂಬುದು. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯ ಪಾರ್ಶ್ವನಾಥ ಬಸದಿಯಂತಹ ಸೂಕ್ಷ್ಮ ಶಿಲ್ಪದ ಚಿತ್ರಕ್ಕೆ 1ರ ಸುಮಾರು ಸಾಕು. ಎರಡನೆಯದು ‘ಅಮೌಂಟ್’, ಸಾಣೆಯ ಬಲ. 0.5ರಿಂದ ಆರಂಭಿಸುವುದು ಕ್ಷೇಮ. ಇದು ಮಿತಿಮೀರಿದರೆ ಚಿತ್ರದುರ್ಗದ ಕೋಟೆಯ ತೆನೆಗಳಿಗೂ ಆಕಾಶಕ್ಕೂ ನಡುವೆ ಸುಣ್ಣ ಬಳಿದಂತೆ ಬಿಳಿಯ ಗೆರೆಯೊಂದು ಹುಟ್ಟುವುದು. ಮೂರನೆಯದು ‘ಥ್ರೆಶೋಲ್ಡ್’; ಇಂತಿಷ್ಟಕ್ಕಿಂತ ಅಲ್ಪವಾದ ವ್ಯತ್ಯಾಸವನ್ನು ಬಿಟ್ಟುಬಿಡೆಂಬ ಆಜ್ಞೆ. ಹಿರಿಯೂರಿನ ತೇರು ಮಲ್ಲೇಶ್ವರ ದೇವಾಲಯದ ಮೇಲ್ಛಾವಣಿಯ ವರ್ಣಚಿತ್ರಗಳನ್ನು ಮಂದವಾದ ಬೆಳಕಿನಲ್ಲಿ ತೆಗೆದರೆ ಫೋನಿನ ಚಿತ್ರದಲ್ಲಿ ರವೆಯಂತಹ ಕಣಗಳು ಕಾಣುವುವು. ಈ ಅಳತೆಯನ್ನು ಏರಿಸದಿದ್ದರೆ ಬಣ್ಣದೊಡನೆ ರವೆಯೂ ಹರಿತವಾಗುವುದು.

ಚಿತ್ರವನ್ನು ನೂರಕ್ಕೆ ನೂರರ ಗಾತ್ರದಲ್ಲಿ ನೋಡುತ್ತ ಈ ಕೆಲಸ ಮಾಡಬೇಕು. ಕತ್ತರಿಸುವುದು, ಗಾತ್ರವನ್ನು ಕುಗ್ಗಿಸುವುದು ಮೊದಲಾದುವೆಲ್ಲ ಮುಗಿದಮೇಲೆ ಹರಿತಗೊಳಿಸುವುದೇ ಕಡೆಯ ಸಂಸ್ಕಾರ.

ಇದರಿಂದ ಎಲ್ಲವೂ ಸಾಧ್ಯವೆಂದು ಭ್ರಮಿಸಬಾರದು. ಹೊಳಲ್ಕೆರೆಯ ನಮ್ಮ ಬಂಧುಗಳ ಮನೆಯ ಮದುವೆಯಲ್ಲಿ ಧಾರೆಯ ಸಮಯಕ್ಕೆ ನಮ್ಮ ಕೈ ಅಲುಗಿತು. ವಧುವಿನ ಮುಖವು ಕಲಸಿಹೋಯಿತು. ಎಷ್ಟು ತಿಕ್ಕಿದರೂ ಅದು ಸರಿಹೋಗಲಿಲ್ಲ. ಇಲ್ಲದ ಅಲಗನ್ನು ಸಾಣೆಯು ತರಲಾರದು.

ಇನ್ನು ನಮ್ಮ ತಪ್ಪಿನ ವಿಷಯ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಕೆರೆಯ ವಿಷಯವನ್ನು ಹೇಳುವ ಆ ಪ್ರಾಕೃತ ಶಾಸನವನ್ನು 1929ರಲ್ಲಿ ಡಾ. ಎಂ. ಎಚ್. ಕೃಷ್ಣರವರು ಬೆಳಕಿಗೆ ತಂದರು. ಅದರ ಓದಿನಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು. ನಾವು ನಡುಹಗಲಲ್ಲಿ ಅದರ ಚಿತ್ರ ತೆಗೆದು, ಮೂರು ಅಳತೆಗಳನ್ನೂ ಮನಬಂದಂತೆ ತಿರುಗಿಸಿದೆವು. ಆಗ ಒಂದು ಅಕ್ಷರಕ್ಕೆ ಯಾರೂ ಹೇಳದಿದ್ದ ಗೀಟೊಂದು ಸ್ಪಷ್ಟವಾಗಿ ಕಂಡಿತು! ಸಂತೋಷಾತಿಶಯದಿಂದ ಮಿತ್ರರಿಗೆ ತಿಳಿಸಿದೆವು. ಹಳೆಯ ಶಿಷ್ಯರಿಗೆ ಪಾಠವನ್ನೂ ಹೇಳಿದೆವು. ಮುಂದಿನ ವಾರ ಬೆಳಗಿನ ಓರೆಬಿಸಿಲಿನಲ್ಲಿ ಹೋಗಿ ನೋಡಲು, ಆ ಗೀಟು ಅಕ್ಷರವನ್ನು ದಾಟಿ ಬಂಡೆಯುದ್ದಕ್ಕೂ ಹರಿದಿತ್ತು. ಅದು ಉಳಿಯ ಗೆರೆಯಲ್ಲ, ಕಲ್ಲಿನ ಬಿರುಕು. ಶಿಷ್ಯರೊಬ್ಬೊಬ್ಬರಿಗೂ ತಪ್ಪನ್ನು ಒಪ್ಪಿ ತಿಳಿಸುವುದು, ನಲವತ್ತು ವರ್ಷ ಇತರರ ತಪ್ಪು ತಿದ್ದಿದ ನಮಗೆ ಸುಲಭವಾಗಿರಲಿಲ್ಲ.

ಯಂತ್ರಕ್ಕೆ ಅಂಚು ಮಾತ್ರ ತಿಳಿಯುವುದು, ಅರ್ಥವು ತಿಳಿಯದು. ಉಳಿಯ ಗೆರೆಗೂ ಬಿರುಕಿಗೂ, ಅಜ್ಜಿಯ ಮುಖದ ಸುಕ್ಕಿಗೂ ಹಳೆಯ ಕಾಗದದ ಮಡಿಕೆಗೂ ಅದು ಒಂದೇ ಸಾಣೆಯನ್ನು ಹಿಡಿಯುವುದು. ಆದುದರಿಂದ ಓರೆಬೆಳಕಿನಲ್ಲಿ, ಅಲುಗದ ಕೈಯಿಂದ ಚಿತ್ರ ತೆಗೆಯುವುದೇ ಮೊದಲನೆಯ ಉಪಾಯ. ಸಾಣೆ ಹಿಡಿದಷ್ಟೂ ಕತ್ತಿಯು ಸವೆಯುವುದೆಂಬುದನ್ನು ಮರೆಯದೆ, ಮಕ್ಕಳಿಗೆ ನಕಲಿನೊಡನೆ ಮೂಲಚಿತ್ರವನ್ನೂ ಉಳಿಸಿಕೊಡಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.